ಹುರುಳಿಯ ಕಿವಿ ಇಳಿಬಿದ್ದದ್ದು

"ವಾಸನೆ ಹಿಡಿದು ಬೇಟೆಯಾಡೋದನ್ನ ನಾಯಿಗೆ ಮೊಟ್ಟಮೊದಲು ಕಲಿಸಿದವನು ನಮ್ಮ ಮನೆತನದವನು. ಇನ್ಯಾರಾದರೂ ನಮ್ಮವನು ಅಂದರೆ ನಂಬಬೇಡ."

ಹಾಗಂತ ಬೋರಜ್ಜ ಕಥೆಗೆ ಕೂತ. ಅಲ್ಲ ಅನ್ನುವುದಕ್ಕೆ ಯಾರಿದ್ದರು? ಭೂಮಿಯ ಹಸಿ ಇನ್ನೂ ಆರದಿದ್ದ ಕಾಲದ ಮಾತು ಅದು. ಕಣ್ಣಾರೆ ಕಂಡಿದ್ದ ಆಲದ ಮರಗಳು ಬಿದ್ದುಹೋದವು, ಹಳ್ಳಗಳು ದಾರಿ ಬದಲಿಸಿದವು. ಉಳಿದದ್ದು ಗಾಳಿ ಒಂದೇ. ಅದನ್ನು ಈಗ ಕೇಳಿದರೆ ಊ ಅನ್ನುತ್ತದೆ, ಅಷ್ಟೇ.

"ಹೂಂ, ಹೇಳು," ಅಂದಳು ಮೊಮ್ಮಗಳು ರತ್ನಿ. ಅವಳು ಕಡಲೆಕಾಯಿ ಸುಲಿಯುತ್ತಿದ್ದಳು. ಸುಲಿದದ್ದರಲ್ಲಿ ಅರ್ಧ ಮೊರಕ್ಕೆ ಹೋಗುತ್ತಿತ್ತು, ಅರ್ಧ ಬಾಯಿಗೆ.

ಅಜ್ಜ ಹೇಳಿದ ಕಥೆ ಇದು.

ಆಗ ಹುಲ್ಲು ಆಳೆತ್ತರ ಬೆಳೆಯುತ್ತಿತ್ತು. ಈಗಿನ ಆಳಲ್ಲ, ಆಗಿನ ಆಳು. ಆಗಿನವರು ನೆಲದ ಮೇಲೆ ನಿಂತು, ಕೈ ಎತ್ತಿ, ತಾಳೆಹಣ್ಣು ಕೀಳುತ್ತಿದ್ದರು. ಅಂಥ ಹುಲ್ಲಿನ ಕಾವಲು ಈ ಗುಡ್ಡದ ಬುಡದಿಂದ ಆ ಗುಡ್ಡದ ಬುಡದವರೆಗೆ ಹಬ್ಬಿತ್ತು. ನಡುನಡುವೆ ಕಾರೆ ಪೊದೆ, ಬಂದರೆ ಪೊದೆ. ಪೊದೆಯ ಕೆಳಗೆ ಗೌಜಲಕ್ಕಿಗಳು ಸಂಸಾರ ಮಾಡಿಕೊಂಡಿದ್ದವು.

ಕಾವಲಿನ ಅಂಚಿನಲ್ಲಿ ಓಬ ಅನ್ನುವವನ ಗುಡಿಸಲು. ಗುಡಿಸಲಲ್ಲಿ ಅವನ ಅವ್ವ, ಅವನ ತಂಗಿ ಈರಿ. ಬಾಗಿಲಲ್ಲಿ ಒಂದು ಹೆಣ್ಣು ನಾಯಿ. ಬಿಳಿ ಮೈ ಮೇಲೆ ಹುರುಳಿಕಾಳು ಚೆಲ್ಲಿದ ಹಾಗೆ ಕಂದು ಚುಕ್ಕಿ. ಅದಕ್ಕೇ ಅವಳ ಹೆಸರು ಹುರುಳಿ.

ಆ ಕಾಲದಲ್ಲಿ ಎಲ್ಲ ನಾಯಿಗಳ ಕಿವಿಯೂ ಎಕ್ಕದ ಎಲೆಯ ಹಾಗೆ ನೆಟ್ಟಗೆ ನಿಂತಿರುತ್ತಿದ್ದವು. ಹುರುಳಿಯ ಕಿವಿ ಎಲ್ಲರ ಕಿವಿಗಿಂತ ಒಂದು ಬೆರಳು ಮೇಲೆ.

ಆ ಕಾಲದಲ್ಲಿ ನಾಯಿಗಳು ಕಣ್ಣಿನಿಂದ ಬೇಟೆಯಾಡುತ್ತಿದ್ದವು. ಕಂಡರೆ ಓಡುವುದು, ಕಾಣದಿದ್ದರೆ ಮಲಗುವುದು. ಆಳೆತ್ತರದ ಹುಲ್ಲಿನಲ್ಲಿ ಏನು ಕಾಣುತ್ತದೆ? ಮಲಗುವುದೇ ಜಾಸ್ತಿಯಾಗಿತ್ತು.

ಒಂದು ದಿನ ಗಾಳಿ ಗುಡಿಸಲ ಮುಂದೆ ಹಾದುಹೋಗುತ್ತ ನಿಂತುಕೊಂಡಿತು. "ಕಣ್ಣು ಬಿಟ್ಟುಕೊಂಡು ಹಸಿದು ಕೂತಿದ್ದೀರಲ್ಲ," ಅಂದಿತು. "ಯಾವ ಪೊದೆಯಲ್ಲಿ ಯಾರಿದ್ದಾರೆ ಅಂತ ದಿನಾ ಹೊತ್ತು ತರ್ತೀನಿ. ಕೇಳುವವರೇ ಇಲ್ಲ."

"ಹೇಗೆ ಕೇಳೋದು ಗಾಳಿಯಪ್ಪ?" ಅಂದ ಓಬ.

"ಮೂಗಿನಿಂದ. ನಿನ್ನ ಮೂಗು ಬಿಡು, ಅದು ನೆಗಡಿಗೆ ಮಾತ್ರ ಆಗೋದು. ಅವಳದು ಮೂಗು ಅಂದರೆ ಮೂಗು. ಆದರೆ ಒಂದು ಮಾತು. ನನಗೆ ಮುಖ ಕೊಟ್ಟು ಬಂದರೆ ಹಕ್ಕಿಯ ಸುದ್ದಿ ನಿಮಗೆ ಹೇಳ್ತೀನಿ. ಬೆನ್ನು ಹಾಕಿ ಹೋದರೆ ನಿಮ್ಮ ಸುದ್ದಿ ಹಕ್ಕಿಗೆ ಹೇಳ್ತೀನಿ."

ಓಬ ಮರುದಿನವೇ ಪಾಠ ಶುರು ಮಾಡಿದ. ಗೌಜಲಕ್ಕಿಯ ಉದುರಿದ ಗರಿಗಳನ್ನು ಕಟ್ಟು ಮಾಡಿ, ನಾರಿಗೆ ಕಟ್ಟಿ, ಇಬ್ಬನಿ ಬಿದ್ದ ಹುಲ್ಲಿನಲ್ಲಿ ಎಳೆದುಕೊಂಡು ಹೋಗಿ ಎಲ್ಲೋ ಬಚ್ಚಿಟ್ಟ. ಹುರುಳಿಯ ಕಣ್ಣಿನ ಮೇಲೆ ಮುತ್ತುಗದ ಎಲೆ ಕಟ್ಟಿದ. "ಹುಡುಕು," ಅಂದ.

ಮೊದಲ ದಿನ ಹುರುಳಿ ಒಂದು ಕಪ್ಪೆ ಹುಡುಕಿದಳು. ಎರಡನೆಯ ದಿನ ಒಂದು ಮುಳ್ಳುಹಂದಿ ಹುಡುಕಿದಳು, ಆ ದಿನದ ಸುದ್ದಿ ಬೇಡ. ಆಮೇಲೆ ಗರಿಯ ಕಟ್ಟು ಹುಡುಕಿದಳು. ಆಮೇಲೆ ಎಲೆ ಕಟ್ಟುವುದೇ ಬೇಕಾಗಲಿಲ್ಲ. ಕಣ್ಣು ತೆರೆದಿದ್ದರೂ ಅವಳು ಮೂಗಿನಿಂದಲೇ ನೋಡುತ್ತಿದ್ದಳು.

ಓಬ ನಡೆಯುವನು. ಅವನ ಮುಂದೆ ಹುರುಳಿ ಮಗ್ಗದ ಲಾಳಿಯ ಹಾಗೆ ಎಡಕ್ಕೆ ಹೋಗಿ ಬಲಕ್ಕೆ, ಬಲಕ್ಕೆ ಹೋಗಿ ಎಡಕ್ಕೆ. ದೊಣ್ಣೆ ಎಸೆದರೆ ಬೀಳುವಷ್ಟು ದೂರದಲ್ಲೇ ಇರಬೇಕು. ಅದಕ್ಕಿಂತ ಮುಂದೆ ಹೋಗಿ ಹಕ್ಕಿ ಎಬ್ಬಿಸಿದರೆ ಹಕ್ಕಿ ಆಕಾಶಕ್ಕೆ, ಹಸಿವು ಮನೆಗೆ. ಹಕ್ಕಿ ಎದ್ದ ಕೂಡಲೆ ಹುರುಳಿ ಕೂತುಬಿಡಬೇಕು. ಓಬನ ದೊಣ್ಣೆ ಅವಳ ತಲೆಯ ಮೇಲಿಂದ ಹೋಗಿ ಹಕ್ಕಿಗೆ ಬೀಳುವುದು. ಹುರುಳಿ ಓಡಿ ತಂದು ಓಬನ ಕೈಗೆ ಕೊಡುವಳು.

ಆಗ ಓಬ, "ಭಲೆ ಹುರುಳಿ," ಅನ್ನುವನು.

ಆ ಮಾತಿಗೆ ಹುರುಳಿಯ ಕಿವಿ ಇನ್ನೂ ಮೇಲೆ ಏಳುವುದು. ಹಕ್ಕಿಯ ಮಾಂಸಕ್ಕಿಂತ ಆ ಮಾತೇ ಅವಳಿಗೆ ರುಚಿ.

ಕೊನೆಯಲ್ಲಿ ಓಬ ಒಂದು ಕಟ್ಟಳೆ ಹೇಳಿಕೊಟ್ಟ. "ಮೊಟ್ಟೆ ಮೇಲೆ ಕಾವಿಗೆ ಕೂತ ಹಕ್ಕಿಯನ್ನು ಎಬ್ಬಿಸಬಾರದು ಕಣೆ. ಅದು ಬಾಣಂತಿ. ಬಾಣಂತಿಯನ್ನು ಯಾರಾದರೂ ಎಬ್ಬಿಸ್ತಾರಾ? ಅದರ ವಾಸನೆ ಬೇರೆ, ಬೆಚ್ಚಗಿರುತ್ತೆ. ಸಿಕ್ಕರೆ ಸುತ್ತಿಕೊಂಡು ಬಾ."

ಹುರುಳಿ ಹಾಗೇ ಮಾಡಿದಳು. ಬೆಚ್ಚನೆಯ ವಾಸನೆ ಬಂದ ಪೊದೆಯನ್ನು ಸುತ್ತಿಕೊಂಡು ಬಂದು ಓಬನ ಮುಖ ನೋಡುವಳು. ಪೊದೆ ಬರಿದು ಅಂದುಕೊಂಡು ಓಬ ಮುಂದೆ ನಡೆಯುವನು. ಅಲ್ಲಿ ಭಲೆ ಇರುತ್ತಿರಲಿಲ್ಲ.

ಇಷ್ಟಾದ ಮೇಲೆ ಹುರುಳಿಯ ಬಾಯಿ ಸುಮ್ಮನಿರುತ್ತದೆಯೇ? ನೀರಿನ ಹೊಂಡದ ಹತ್ತಿರ ದಿನಾ ಸಂಜೆ ಸಭೆ. ನಾಯಿ, ನರಿ, ಮೊಲ ಎಲ್ಲ ಒಂದೇ ದಡದಲ್ಲಿ ನೀರು ಕುಡಿಯುತ್ತಿದ್ದ ಕಾಲ ಅದು.

"ನಾನು ಮೂಗು ಇಟ್ಟರೆ ಕಾವಲು ಬಾಯಿ ಬಿಡುತ್ತೆ," ಅನ್ನುವಳು ಹುರುಳಿ. "ಹೋದೆ ಅಂದರೆ ತಂದೆ ಅಂತಲೇ. ಬರಿಬಾಯಲ್ಲಿ ಮನೆಗೆ ಬಂದವಳಲ್ಲ ನಾನು."

"ಒಂದು ದಿನವೂ?" ಅಂದಿತು ನರಿ.

"ಒಂದು ದಿನವೂ."

"ಮುಂದೆಯೂ?"

"ಮುಂದೆಯೂ."

"ಹಾಗಾದರೆ ನಾಳೆ ಇಲ್ಲೇ ಕೂತಿರ್ತೀನಿ ತಾಯಿ," ಅಂದಿತು ನರಿ. "ನನಗೂ ಬೇರೆ ಕೆಲಸ ಇಲ್ಲ. ನೋಡೋಣ, ಬಾಯಲ್ಲಿ ಏನು ಕಚ್ಚಿಕೊಂಡು ಬರ್ತೀಯ ಅಂತ."

ಮೊಲಗಳು ನಕ್ಕವು. ಬೇರೆ ನಾಯಿಗಳೂ ನಕ್ಕವು.

ಆ ಮರುದಿನವೇ ಓಬನ ಅವ್ವ ಅಂದಳು: "ಈರಿ ಹೆತ್ತು ಮಲಗಿದಾಳೆ. ಒಂದು ಗೌಜಲಕ್ಕಿ ತಾರಪ್ಪ, ಸಾರು ಮಾಡಿ ಹಾಕ್ತೀನಿ. ಮೈಗೆ ಕಸುವು ಬರಲಿ, ಹಾಲು ಇಳೀಲಿ."

ಓಬ ದೊಣ್ಣೆ ತಗೊಂಡ. ಹುರುಳಿ ಮುಂದೆ ಹೊರಟಳು.

ಗಾಳಿ ಅವತ್ತು ನೆಂಟರ ಮನೆಗೆ ಹೋಗಿತ್ತು. ಒಂದು ಹುಲ್ಲಿನ ಕಡ್ಡಿಯೂ ಅಲ್ಲಾಡಲಿಲ್ಲ. ನೆಲ ಒಣಗಿ ಬಿರುಕು ಬಿಟ್ಟಿತ್ತು. ಒಣಗಿದ ನೆಲ ವಾಸನೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಜಿಪುಣನ ಮನೆ ಮಡಕೆಯ ಹಾಗೆ ಬರೀ ಖಾಲಿ. ಹುರುಳಿ ಎಡಕ್ಕೆ ಹೋಗಿ ಬಲಕ್ಕೆ ಬಂದಳು, ಬಲಕ್ಕೆ ಹೋಗಿ ಎಡಕ್ಕೆ ಬಂದಳು. ಬೆಳಗ್ಗೆ ಹೋಗಿ ಮಧ್ಯಾಹ್ನವಾಯಿತು. ಮಧ್ಯಾಹ್ನ ಹೋಗಿ ನೆರಳು ಉದ್ದವಾಯಿತು.

ಸಿಕ್ಕಿದ್ದು ಒಂದೇ ವಾಸನೆ. ಒಂದು ಕಾರೆ ಪೊದೆಯ ಬುಡದಲ್ಲಿ. ಅದು ಬೆಚ್ಚಗಿತ್ತು.

ಹುರುಳಿ ಪೊದೆಯನ್ನು ಸುತ್ತಿಕೊಂಡು ಬಂದು ಓಬನ ಮುಖ ನೋಡಿದಳು.

"ಏನೂ ಇಲ್ಲವಾ?" ಅಂದ ಓಬ. "ಹೋಗಲಿ ಬಿಡು. ನಾಳೆ ನೋಡೋಣ. ಈರಿ ಏನು ಇವತ್ತೇ ಓಡಿಹೋಗ್ತಾಳಾ?"

ಒಂದು ಬೈಗುಳ ಇಲ್ಲ, ಒಂದು ಮುನಿಸಿಲ್ಲ. ಓಬ ಮನೆಯ ಕಡೆ ತಿರುಗಿದ. ಮನೆಯ ದಾರಿ ಇದ್ದದ್ದು ಹೊಂಡದ ಪಕ್ಕದಲ್ಲೇ. ಹೊಂಡದ ಬಂಡೆಯ ಹಿಂದೆ ನರಿಯ ಬಾಲ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಮೊಲಗಳ ಕಿವಿ. ಎಷ್ಟೋ ಹೊತ್ತಿನಿಂದ ಕಾಯುತ್ತಿದ್ದವು.

ಹುರುಳಿ ನಿಂತಳು. ಓಬನ ಬೆನ್ನು ನೋಡಿದಳು. ಕಾರೆ ಪೊದೆಗೆ ವಾಪಸು ಹೋಗಿ ಮೂಗು ಒಳಗೆ ತೂರಿಸಿದಳು.

ಹಕ್ಕಿ ಓಡಲಿಲ್ಲ. ರೆಕ್ಕೆಯನ್ನು ಇನ್ನಷ್ಟು ಹರಡಿ ನೆಲಕ್ಕೆ ಅಂಟಿಕೊಂಡಿತು. "ಹೋಗಮ್ಮ," ಅಂತ ಪಿಸುಗುಟ್ಟಿತು. "ನನ್ನ ಕೆಳಗೆ ಮಕ್ಕಳಿದ್ದಾರೆ."

ಹುರುಳಿ ಬೊಗಳಿದಳು.

ಹಕ್ಕಿ ಎದ್ದಿತು. ಓಬ ತಿರುಗಿದ. ಅವನ ಕೈಗೆ ಅಭ್ಯಾಸ, ದೊಣ್ಣೆ ಹೋಯಿತು. ಹಕ್ಕಿ ಬಿತ್ತು. ಹುರುಳಿ ತಂದು ಕೈಗೆ ಕೊಟ್ಟಳು.

"ಭಲೆ ಹುರುಳಿ," ಅಂದ ಓಬ. ಆಮೇಲೆ ಸ್ವಲ್ಪ ಯೋಚನೆ ಮಾಡಿ ಕೇಳಿದ: "ಕಾವಿನ ಹಕ್ಕಿ ಅಲ್ಲ ತಾನೆ?"

"ಅಲ್ಲ," ಅಂದಳು ಹುರುಳಿ.

ಅವಳ ಕಿವಿಯ ತುದಿ ಆಗಲೇ ಸ್ವಲ್ಪ ಬಾಗಿತು. ಓಬ ನೋಡಲಿಲ್ಲ.

ಹೊಂಡದ ಹತ್ತಿರ ನರಿ ಎದ್ದು ನಿಂತು ದಾರಿ ಬಿಟ್ಟಿತು. "ಒಪ್ಪಿದೆ ತಾಯಿ," ಅಂದಿತು. ಹುರುಳಿ ಆ ಕಡೆ ನೋಡದೆ ನಡೆದಳು. ಬೆಳಗಿನಿಂದ ನೀರು ಕುಡಿದಿರಲಿಲ್ಲ, ಆದರೂ ಹೊಂಡಕ್ಕೆ ಇಳಿಯಲಿಲ್ಲ.

ಗುಡಿಸಲ ಮುಂದೆ ಅವ್ವ ಗರಿ ಕೀಳುತ್ತ ಕೂತಳು. ಬೆನ್ನಿನದು ಆಯಿತು, ರೆಕ್ಕೆಯದು ಆಯಿತು. ಹಕ್ಕಿಯನ್ನು ಅಂಗಾತ ಮಾಡಿದಳು. ಅವಳ ಕೈ ನಿಂತುಹೋಯಿತು.

"ಓಬ," ಅಂದಳು. "ಇಲ್ಲಿ ಬಾ. ಇದನ್ನ ನಾನು ಕಿತ್ತಿದ್ದಲ್ಲ."

ಹೊಟ್ಟೆಯ ನಡುವೆ ಗರಿಯೇ ಇರಲಿಲ್ಲ. ಕೆಂಪಗೆ, ಮೆತ್ತಗೆ, ಎಳೆಕೂಸಿನ ಕೆನ್ನೆಯ ಹಾಗಿತ್ತು ಆ ಜಾಗ. ಮೊಟ್ಟೆಗೆ ತನ್ನ ಮೈ ನೇರವಾಗಿ ತಾಕಲಿ ಅಂತ ಹಕ್ಕಿ ತಾನೇ ಗರಿ ಉದುರಿಸಿಕೊಂಡಿತ್ತು.

ಒಳಗಿನಿಂದ ಈರಿ ಕೇಳಿದಳು: "ಏನವ್ವ ಅದು?"

ಈರಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು ನೋಡಿದಳು. "ನನಗೆ ಬೇಡ," ಅಂದು ಒಳಗೆ ಹೋದಳು.

ಅಕ್ಕಪಕ್ಕದ ಗುಡಿಸಲಿನವರು ಬಂದು ಸುತ್ತ ನಿಂತರು. ಹಿರಿಯನೊಬ್ಬ ಕೇಳಿದ: "ಮೂಗಿನ ನಾಯಿ ಅಂತೀಯಲ್ಲ ಓಬ, ಅದಕ್ಕೆ ಇದು ಗೊತ್ತಾಗಲಿಲ್ಲವಾ?"

"ಗೊತ್ತಾಗಿದ್ದರೆ ಎಬ್ಬಿಸ್ತಿರಲಿಲ್ಲ," ಅಂದ ಓಬ. "ನಾನು ಕೇಳಿದೆ. ಅಲ್ಲ ಅಂದಳು. ನನ್ನ ನಾಯಿ ಸುಳ್ಳು ಹೇಳೋದಿಲ್ಲ. ದೊಣ್ಣೆ ಎಸೆದ ಕೈ ನನ್ನದು, ತಪ್ಪೂ ನನ್ನದು."

ಓಬ ಬಗ್ಗಿ ನೆಲ ಮುಟ್ಟಿ, ಎಲ್ಲರ ಎದುರಿಗೆ ಗಲ್ಲ ಗಲ್ಲ ಬಡಿದುಕೊಂಡ.

ಹುರುಳಿ ಒಲೆಯ ಕಲ್ಲಿನ ಹಿಂದೆ ಇದ್ದಳು. ತುದಿ ಬಾಗಿದ್ದರೂ ಕಿವಿ ಇನ್ನೂ ನಿಂತೇ ಇದ್ದವು, ಒಂದು ಮಾತೂ ತಪ್ಪಿಹೋಗಲಿಲ್ಲ. ನನ್ನ ನಾಯಿ ಸುಳ್ಳು ಹೇಳೋದಿಲ್ಲ ಅನ್ನುವುದು ಬಂತು. ತಪ್ಪು ನನ್ನದು ಅನ್ನುವುದು ಬಂತು. ಗಲ್ಲದ ಮೇಲೆ ಬಿದ್ದ ಏಟಿನ ಸದ್ದೂ ಬಂತು. ಓಬ ಅದೇ ಕೈಯಿಂದ ತನಗೆ ಹೊಡೆದಿದ್ದರೆ ಚೆನ್ನಾಗಿತ್ತು ಅಂತ ಹುರುಳಿಗೆ ಅನಿಸಿತು. ಓಬ ಹೊಡೆಯಲಿಲ್ಲ. ಹತ್ತಿರ ಬಂದು ಅವಳ ತಲೆ ಸವರಿ, "ನೀನು ಬೇಜಾರು ಮಾಡ್ಕೋಬೇಡ," ಅಂದ.

ಅಲ್ಲಿಗೆ ಹುರುಳಿಯ ಕಿವಿ ಬಿದ್ದವು. ಇನ್ನೊಂದು ಮಾತು ಒಳಗೆ ಬರಬಾರದು ಅಂತ ಬಾಗಿಲ ಮೇಲೆ ಚಾಪೆ ಇಳಿಬಿಟ್ಟ ಹಾಗೆ ಎರಡೂ ಬಿದ್ದವು.

"ಆಮೇಲೆ ಎದ್ದವಾ?" ಅಂದಳು ರತ್ನಿ. ಕಡಲೆಕಾಯಿ ಸುಲಿಯುವುದು ನಿಂತಿತ್ತು.

"ಕೇಳು ಸುಮ್ಮನೆ," ಅಂದ ಅಜ್ಜ.

ಹುರುಳಿ ಯಾರಿಗೂ ಕಾಣದ ಹಾಗೆ ಅಲ್ಲಿಂದ ಜಾರಿದಳು. ಓಡಿದಳು. ಹೊತ್ತು ಮುಳುಗುವುದಕ್ಕೆ ಬಂದಿತ್ತು. ಕಾರೆ ಪೊದೆಯ ಕೆಳಗೆ ಮೊಟ್ಟೆಗಳು ಹಾಗೇ ಇದ್ದವು. ಮೂಗು ತಾಗಿಸಿದಳು. ಬೆಳಗಿನ ಒಲೆಯ ಬೂದಿಯಲ್ಲಿ ಸಂಜೆ ಎಷ್ಟು ಬಿಸಿ ಉಳಿದಿರುತ್ತದೋ ಅಷ್ಟೇ ಉಳಿದಿತ್ತು.

ಹಳ್ಳದ ಆಚೆ, ಒಂದು ಹುತ್ತದ ಮಗ್ಗುಲಲ್ಲಿ ಇನ್ನೊಂದು ಗೌಜಲಕ್ಕಿ ಕಾವಿಗೆ ಕೂತಿದ್ದು ಅವಳಿಗೆ ಗೊತ್ತಿತ್ತು. ಸುತ್ತಿಕೊಂಡು ಬಂದ ಜಾಗ ಅದು. ಅಲ್ಲಿಗೆ ಒಯ್ಯಬೇಕು.

ಮೊದಲ ಮೊಟ್ಟೆಯನ್ನು ಹಕ್ಕಿ ಹಿಡಿದ ಹಾಗೆ ಹಿಡಿದಳು. ಅದು ಬಾಯಲ್ಲಿ ಒಡೆಯಿತು.

ಹುರುಳಿ ಅದನ್ನು ನುಂಗಲೂ ಆಗದೆ ಉಗಿಯಲೂ ಆಗದೆ ನಿಂತಳು. ಕೊನೆಗೆ ಮಣ್ಣು ಕೆದರಿ ಅದರಲ್ಲಿ ಬಿಟ್ಟಳು. ಎರಡನೆಯದನ್ನು ಹಲ್ಲು ತಾಗದ ಹಾಗೆ, ತುಟಿ ಮತ್ತು ನಾಲಿಗೆಯ ನಡುವೆ ತಗೊಂಡಳು. ಉಸಿರನ್ನೂ ಅಳೆದು ಬಿಡುತ್ತ ಹಳ್ಳ ದಾಟಿದಳು.

ಹುತ್ತದ ಹತ್ತಿರದ ಹಕ್ಕಿ ಅವಳನ್ನು ಕಂಡು ಕೂಗಿಕೊಂಡಿತು. "ಬಂದಳು ಹಾಳು ನಾಯಿ. ಎಷ್ಟು ದಿನ ಸುತ್ತಿಕೊಂಡು ಹೋದೆ, ಇವತ್ತು ಬುದ್ಧಿ ತೋರಿಸಿದೆಯಾ?"

ಬಾಯಲ್ಲಿ ಮೊಟ್ಟೆ ಇದ್ದವಳು ಏನು ಹೇಳುತ್ತಾಳೆ? ಬೈಸಿಕೊಂಡೇ ಹತ್ತಿರ ಹೋಗಿ, ಮೊಟ್ಟೆಯನ್ನು ನೆಲಕ್ಕೆ ಇಳಿಸಿ ಹಿಂದೆ ಸರಿದಳು.

ಹಕ್ಕಿ ಮೊಟ್ಟೆ ನೋಡಿತು. "ಯಾರದಿದು?"

"ನಾನು ಎಬ್ಬಿಸಿದವಳದು."

"ಗೊತ್ತಿಲ್ಲದೆ ಎಬ್ಬಿಸಿದೆಯಾ?"

ಹುರುಳಿ ನೆಲ ನೋಡಿದಳು. "ಗೊತ್ತಿದ್ದೂ," ಅಂದಳು.

ಹಕ್ಕಿ ಕೊಕ್ಕಿನಿಂದ ಮೊಟ್ಟೆಯನ್ನು ತನ್ನ ರೆಕ್ಕೆಯ ಕೆಳಗೆ ಉರುಳಿಸಿಕೊಂಡಿತು. "ಉಳಿದದ್ದು ಬೇಗ ತಾ," ಅಂದಿತು. "ತಣ್ಣಗಾದರೆ ನಾನೂ ಏನೂ ಮಾಡೋಕಾಗಲ್ಲ."

ಹುರುಳಿ ಹೋದಳು, ಬಂದಳು. ಹೋದಳು, ಬಂದಳು. ಅಷ್ಟರಲ್ಲಿ ನೆಂಟರ ಮನೆಯಿಂದ ಗಾಳಿ ವಾಪಸು ಬಂತು. ಹುರುಳಿಯನ್ನು ಹುಡುಕಿಕೊಂಡು ಓಬನೂ ಬಂದ.

ಓಬ ಹಳ್ಳದ ದಡಕ್ಕೆ ಬಂದಾಗ ಹುರುಳಿ ಕೊನೆಯ ಮೊಟ್ಟೆ ಹಿಡಿದು ಎದುರಿಗೆ ಬರುತ್ತಿದ್ದಳು. ಓಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಅಡಗುವುದಕ್ಕೆ ಜಾಗವಿಲ್ಲ. ಮುಖ ತಗ್ಗಿಸಿಕೊಂಡು ಅವನ ಮೊಣಕಾಲ ಪಕ್ಕದಲ್ಲೇ ಹಾದು ಹೋದಳು. ಮೊಟ್ಟೆಯನ್ನು ಹುತ್ತದ ಹತ್ತಿರ ಇಟ್ಟು, ವಾಪಸು ಬಂದು, ಓಬನ ಮುಂದೆ ಕೂತಳು.

"ಓಬಣ್ಣ," ಅಂದಳು. "ನನಗೆ ಗೊತ್ತಿತ್ತು."

ಓಬ ದಡದ ಮೇಲೆ ಕುಕ್ಕರಗಾಲಲ್ಲಿ ಕೂತ. ಒಂದು ಹುಲ್ಲುಕಡ್ಡಿ ಕಿತ್ತು ಸಣ್ಣಸಣ್ಣಗೆ ಮುರಿದ.

"ಯಾಕೆ ಎಬ್ಬಿಸಿದೆ?"

"ಬರಿಬಾಯಲ್ಲಿ ಬರೋದಿಲ್ಲ ಅಂತ ನರಿಗೆ ಹೇಳಿದ್ದೆ."

ಓಬ ಕಡ್ಡಿಯ ಚೂರುಗಳನ್ನು ಹಳ್ಳಕ್ಕೆ ಎಸೆದ. ಆಮೇಲೆ ಅಂದ: "ನೀನು ಹಕ್ಕಿ ತಂದಾಗೆಲ್ಲ ನಾನು ಭಲೆ ಅಂದೆ. ಕಾವಿನ ಹಕ್ಕಿಯನ್ನು ಬಿಟ್ಟು ಸುತ್ತಿಕೊಂಡು ಬಂದು ನನ್ನ ಮುಖ ನೋಡ್ತಿದ್ದೆಯಲ್ಲ, ಆಗ ಒಂದು ಸಲವಾದರೂ ಅಂದೆನಾ? ನನಗೆ ಅದು ತೋಚಲೇ ಇಲ್ಲ. ಕಲಿಸಿದವನೂ ಅರ್ಧವೇ ಕಲಿಸಿದ್ದು."

ಇಬ್ಬರೂ ನೆಲ ನೋಡುತ್ತ ಕೂತರು.

ಗಾಳಿಗೆ ನೋಡಲಾಗಲಿಲ್ಲ. "ಏಳಲಿ ಬಿಡು," ಅಂತ ಹುರುಳಿಯ ಕಿವಿಯನ್ನು ಕೆಳಗಿನಿಂದ ಎತ್ತಿತು. ಎತ್ತಿದಷ್ಟು ಹೊತ್ತು ನಿಂತವು, ಬಿಟ್ಟ ಕೂಡಲೆ ಬಿದ್ದವು. ಮತ್ತೆ ಎತ್ತಿತು, ಮತ್ತೆ ಬಿದ್ದವು.

"ಇರಲಿ ಗಾಳಿಯಪ್ಪ," ಅಂದಳು ಹುರುಳಿ. "ಹೀಗೇ ಇರಲಿ."

"ಹಾಗಾದರೆ ನನ್ನದೂ ಒಂದು ಮಾತು," ಅಂದಿತು ಗಾಳಿ. "ಇನ್ನು ಮೇಲೆ ಕಾವಿಗೆ ಕೂತವಳ ವಾಸನೆಯನ್ನು ನಾನು ಹೊರೋದಿಲ್ಲ. ಪಕ್ಕದಲ್ಲಿ ಹೋದವರಿಗೂ ತಿಳಿಸೋದಿಲ್ಲ." ಇವತ್ತಿಗೂ ಅದು ಆ ಮಾತು ಮುರಿದಿಲ್ಲ. ಮೊಟ್ಟೆಯ ಮೇಲೆ ಕೂತ ಗೌಜಲಕ್ಕಿಯ ಪಕ್ಕದಲ್ಲೇ ನಾಯಿ ಹಾದು ಹೋಗುತ್ತದೆ, ಸುಳಿವು ಸಿಕ್ಕುವುದಿಲ್ಲ.

ಈರಿ ಅವತ್ತು ಸಬ್ಬಸಿಗೆ ಸೊಪ್ಪಿನ ಸಾರು ಉಂಡಳು. ಹಾಲು ಇಳಿಯಿತು. ಹುತ್ತದ ಹತ್ತಿರದ ಗೌಜಲಕ್ಕಿಯ ಹಿಂದೆ ಆ ವರ್ಷ ಎಷ್ಟು ಮರಿಗಳು ಹೊರಟವು ಅಂದರೆ, ಮುಂದಿನದು ಈ ಗುಡ್ಡ ಹತ್ತುವಾಗ ಹಿಂದಿನದು ಇನ್ನೂ ಆ ಗುಡ್ಡ ಇಳಿಯುತ್ತಿತ್ತು.

ಹುರುಳಿ ಓಬನ ಜೊತೆ ಮತ್ತೆ ಬೇಟೆಗೆ ಹೋದಳು. ಬರಿಬಾಯಲ್ಲಿ ಬಂದ ದಿನ ಬರಿಬಾಯಲ್ಲೇ ಹೊಂಡದ ಪಕ್ಕ ನಡೆದಳು. ನರಿ ಏನೋ ಅಂದಿತು, ಇಳಿಬಿದ್ದ ಕಿವಿಗೆ ಅದು ಸರಿಯಾಗಿ ಕೇಳಲಿಲ್ಲ. ಮೂಗು ನೆಲಕ್ಕಿಟ್ಟರೆ ಆ ಕಿವಿ ಪೊರಕೆಯ ಹಾಗೆ ಹುಲ್ಲು ಗುಡಿಸಿ, ನೆಲದ ವಾಸನೆಯನ್ನೆಲ್ಲ ಮೂಗಿನ ಕಡೆಗೇ ತಳ್ಳುತ್ತಿದ್ದವು. ಅವಳ ಮೂಗು ಮೊದಲಿಗಿಂತ ಚುರುಕಾಯಿತು. ಆದರೆ ಆ ಸುದ್ದಿಯನ್ನು ಅವಳು ಯಾರಿಗೂ ಹೇಳಲಿಲ್ಲ.

ಅದಕ್ಕೇ ನೋಡು, ಇವತ್ತಿಗೂ ವಾಸನೆ ಹಿಡಿಯುವ ನಾಯಿಯ ಕಿವಿ ಜೋತುಬಿದ್ದಿರುತ್ತವೆ. ಅದು ಮೂಗನ್ನು ನೆಲಕ್ಕಿಟ್ಟು ಎಡಕ್ಕೆ ಬಲಕ್ಕೆ ಹೋಗುತ್ತ, ಆಗಾಗ ನಿಂತು ತಿರುಗಿ ತನ್ನವನ ಮುಖ ನೋಡುತ್ತದೆ, ಎಬ್ಬಿಸಲೋ ಬಿಡಲೋ ಅಂತ.

ಬೋರಜ್ಜ ಕಥೆ ಮುಗಿಸಿ ಕಾಲು ನೀಡಿದ.

ರತ್ನಿ ಬಗ್ಗಿ ಜಗಲಿಯ ಕೆಳಗೆ ನೋಡಿದಳು. ಅಲ್ಲಿ ಅವರ ಮನೆಯ ನಾಯಿ ಕರಿಯ ಮಲಗಿದ್ದ.

"ಅಜ್ಜ," ಅಂದಳು. "ಕರಿಯನಿಗೆ ಒಂದು ಕಿವಿ ಬಿದ್ದಿದೆ, ಇನ್ನೊಂದು ನಿಂತಿದೆ."

"ಹೂಂ."

"ಅಂದರೆ ಅವನು ಅರ್ಧ ಸುಳ್ಳು ಹೇಳಿದನಾ?"

ಅಜ್ಜ ಕರಿಯನ ಕಡೆ ನೋಡಿದ. ಆಕಾಶದ ಕಡೆ ನೋಡಿದ. ಮೊರದಿಂದ ಒಂದು ಹಿಡಿ ಕಡಲೆಬೀಜ ತಗೊಂಡು ಬಾಯಿಗೆ ಹಾಕಿಕೊಂಡ.